ಬಿದ್ದ ಬೇವಿನ ಮರದ ಹಲಗೆ ಇದೆ, ಊಟದ ಟೇಬಲ್ ಮನೇಲೇ ಮಾಡ್ಬೇಕು. ಎಲ್ಲಿಂದ ಶುರು ಮಾಡ್ಲಿ?

ಆನಗೋಡಿನವ · ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಇರೋದು ನಿಟುವಳ್ಳಿ, ಮೂಲ ಆನಗೋಡು ಕಡೆ. ಹೋದ ವರ್ಷ ಮುಂಗಾರಿಗೆ ಮುಂಚೆ ಬಂತಲ್ಲ ಗಾಳಿ-ಮಳೆ, ಅದರಲ್ಲಿ ನಮ್ಮ ಹೊಲದ ಬದುವಿನ ಬೇವಿನ ಮರ ಬುಡಸಮೇತ ಉರುಳಿತು. ಸೌದೆಗೆ ಕೊಡೋಕೆ ಅಪ್ಪನಿಗೆ ಮನಸ್ಸಾಗಲಿಲ್ಲ. ಅರಣ್ಯ ಇಲಾಖೆಯವರ ಹತ್ರ ಕಾಗದ ಮಾಡಿಸಿ ಸಾಮಿಲ್ಲಿಗೆ ಹಾಕಿಸಿದ್ರು. ಕೊಯ್ಸಿದ ಮೇಲೆ ಕೈಗೆ ಬಂದದ್ದು ಒಂದೂವರೆ ಇಂಚು ದಪ್ಪದ ಏಳು ಹಲಗೆ, ಆರೂವರೆ ಅಡಿ ಉದ್ದ, ಅಗಲ 8ರಿಂದ 10 ಇಂಚು. ಜೊತೆಗೆ ಮೂರೂವರೆ ಇಂಚು ಚೌಕ, ಮೂರೂವರೆ ಅಡಿ ಉದ್ದದ ನಾಲ್ಕು ಕಾಲು. ಜೂನ್‌ನಲ್ಲಿ ಕೊಯ್ಸಿದ್ದು, ಈಗ ಫೆಬ್ರವರಿ. ಅಲ್ಲಿಂದ ಇಲ್ಲಿವರೆಗೂ ಕಾರ್ ಶೆಡ್ಡಿನ ಗೋಡೆಗೆ ಒರಗಿಸಿ ನಿಲ್ಲಿಸಿದೀನಿ.

ಆಸೆ ಇಷ್ಟೇ: 5 ಅಡಿ ಉದ್ದ, 3 ಅಡಿ ಅಗಲದ ಊಟದ ಟೇಬಲ್. ಇರೋ ಸಾಮಾನು: ಕೈಯಲ್ಲಿ ಹಿಡಿಯೋ ಕರೆಂಟ್ ಪ್ಲೇನರ್ (82 ಮಿ.ಮೀ.), ಸರ್ಕ್ಯುಲರ್ ಗರಗಸ, ಡ್ರಿಲ್, ಮೂರು ಉಳಿ, ತಾತನ ಕಾಲದ ಒಂದು ತೋಪಡ (ಕೈಯಲ್ಲಿ ತಳ್ಳಿ ಮರ ಹೆರೆಯೋದು). ಮನೆಗಿರೋದು ಸಿಂಗಲ್ ಫೇಸ್.

ನನ್ನ ಪ್ಲಾನ್: ಹಲಗೆಗಳನ್ನ ಪ್ಲೇನರ್‌ನಲ್ಲಿ ಉಜ್ಜಿ, ಫೆವಿಕಾಲ್ ಹಾಕಿ ಪಕ್ಕಪಕ್ಕ ಜೋಡಿಸಿ, ಕೆಳಗೆ ಕಬ್ಬಿಣದ ಆಂಗಲ್ ಕೊಟ್ಟು ಸ್ಕ್ರೂ ಬಿಗಿಯೋದು. ಯುಗಾದಿ ಊಟ ಅದರ ಮೇಲೇ ಆಗಬೇಕು ಅಂತ ಮನೆಯವರ ಹಟ. ಇದರಲ್ಲಿ ಏನಾದ್ರೂ ತಪ್ಪಿದ್ರೆ ಈಗಲೇ ಹೇಳಿಬಿಡಿ.

ಬೆಣ್ಣೆದೋಸೆ_ಪಾರ್ಸೆಲ್ · ದಾವಣಗೆರೆ

ಬೇವಿನ ಟೇಬಲ್ ಮೇಲೆ ಹೋಳಿಗೆ ಇಟ್ರೆ ಕಹಿ ಆಗಲ್ವಾ ಗುರುಗಳೇ 😄

ಮಿಲ್‌ಗೇಟ್ · ದಾವಣಗೆರೆ

ತಮಾಷೆ ಬಿಡಿ. ಬೇಸರ ಮಾಡ್ಕೋಬೇಡಿ, ಒಂದು ಮಾತು. ಮರ ಬಿಟ್ಟಿ ಸಿಕ್ಕಿರಬಹುದು. ಆದ್ರೆ ಕ್ಲ್ಯಾಂಪು, ಬ್ಲೇಡು, ಪಾಲಿಶ್, ಮರಳು ಕಾಗದ ಅಂತ ಒಂದೊಂದಾಗಿ ತರ್ತಾ ಹೋದ್ರೆ ರೆಡಿಮೇಡ್ ಟೇಬಲ್ಲೇ ಅಗ್ಗ ಅನ್ಸುತ್ತೆ. ಅಲ್ದೆ ಬೇವು ಯಾವ ಬಡಗಿಯೂ ಇಷ್ಟಪಟ್ಟು ಮುಟ್ಟೋ ಮರ ಅಲ್ಲ, ನಾರು ಅಡ್ಡಾದಿಡ್ಡಿ. ಅದನ್ನ ಮಾರಿ, ಬಂದ ದುಡ್ಡಿಗೆ ಇನ್ನಷ್ಟು ಸೇರಿಸಿ ಸಾಗವಾನಿ ತಗೊಳ್ಳಿ.

ಉಳಿ_ಕೊಡತಿ · ಹರಿಹರ

ಮಿಲ್‌ಗೇಟ್ ಸಾಹೇಬ್ರ ಮಾತು ಲೆಕ್ಕಕ್ಕೆ ಸರಿ ಐತಿ. ಆದ್ರ ಮನಿ ಹೊಲದ ಮರ ಅಂತ ಒಂದು ಇರ್ತತಲ್ರಿ, ಅದನ್ನ ಯಾ ಅಂಗಡ್ಯಾಗ ತರ್ತೀರಿ? ನಾ ಬಡಿಗಿ ಕೆಲಸದವ, ನಮ್ಮಪ್ಪನೂ ಅದೇ ಮಾಡ್ದೋರು. ನಮ್ಮ ಕಡೆ ಬೇವಿನ ಬಾಗಿಲು, ಬೇವಿನ ಮಂಚ ಎಷ್ಟ್ ಮನ್ಯಾಗಿಲ್ಲ? ಚೇಗು (ನಡುವಿನ ಗಟ್ಟಿ ಮರ) ಚಲೋ ಇದ್ರ ಗೆದ್ದಲು, ಕುಟ್ಟೆ ಲಗೂನ ಹತ್ರ ಬರಂಗಿಲ್ಲ. ಹೊರಗಿನ ಬಿಳಿ ಭಾಗ ಮಾತ್ರ ನಂಬಬ್ಯಾಡ್ರಿ, ಅದಕ್ಕ ಹುಳ ಬೀಳ್ತತಿ.

ಈಗ ನಿಮ್ಮ ಪ್ಲಾನಿಗೆ ಬರೋಣು. ಎರಡು ಕಡೆ ಗುದ್ಕೊಂತೀರಿ. ಒಂದು, ಹಲಗಿ ಗೋಡಿಗೆ ಒರಗಿಸಿದ್ದು. ಎರಡು, ಕಬ್ಬಿಣದ ಆಂಗಲ್‌ಗೆ ಸ್ಕ್ರೂ ಬಿಗಿಯೋದು.

ಮೊದ್ಲು ಹಲಗಿ ಕೆಳಗ ಮಲಗಿಸ್ರಿ. ನೆಲದ ಮ್ಯಾಲೆ ನೇರ ಅಲ್ಲ. ನಾಕು ಇಟ್ಟಿಗಿ ಎತ್ತರಕ್ಕ ಮಟ್ಟ ನೋಡಿ ಅಡ್ಡತೊಲಿ ಇಡ್ರಿ. ಎರಡು ಹಲಗಿ ನಡುವ ಮುಕ್ಕಾಲು ಇಂಚಿನ ರೀಪು, ಒಂದೂವರಿ ಅಡಿಗೊಂದು. ಮ್ಯಾಲಿನ ರೀಪು ಕೆಳಗಿನ ರೀಪಿನ ನೆತ್ತಿ ಮ್ಯಾಲೇ ಬರ್ಬೇಕು, ಆಚಿಚಿ ಆದ್ರ ಹಲಗಿ ಅಲ್ಲೇ ಬಾಗ್ತತಿ. ತುದಿಗೆ ಹಳೇ ಪೇಂಟ್ ಬಳೀರಿ. ಮ್ಯಾಲೆ ಭಾರ ಹೇರ್ರಿ. ಬಿಸಿಲಿಗೆ ಒಯ್ದು ತಾರಸಿ ಮ್ಯಾಲೆ ಮಾತ್ರ ಹಾಕಬ್ಯಾಡ್ರಿ. ನಮ್ಮೂರ ಮಾರ್ಚ್ ಬಿಸಿಲಿಗೆ ತುದಿ ಸೀಳಿ ಗೇಣುದ್ದ ಒಳಗ ಹೊಕ್ಕತತಿ.

ದುರ್ಗದ_ಗಾಳಿ · ಚಿತ್ರದುರ್ಗ

ಉಳಿ_ಕೊಡತಿ ಆಚಾರ್ರು ಹೇಳಿದ್ದಕ್ಕೆ ಲೆಕ್ಕ ಸೇರಿಸ್ತೀನಿ, ಯಾಕಂದ್ರೆ ಈ ಚರ್ಚೆಯ ನಿಜವಾದ ವಿಷಯ ಇಲ್ಲೇ ಇದೆ.

ಹಸಿ ಮರದಲ್ಲಿ ನೀರು ಎರಡು ಥರ ಇರುತ್ತೆ. ಕೋಶದ ಪೊಳ್ಳಿನಲ್ಲಿರೋದು ಮೊದಲು ಹೋಗುತ್ತೆ, ಆಗ ಮರ ಹಗುರ ಆಗುತ್ತೆ ಅಷ್ಟೇ, ಅಳತೆ ಬದಲಾಗಲ್ಲ. ತೇವ ಸುಮಾರು ಶೇ 28–30ಕ್ಕೆ ಇಳಿದ ಮೇಲೆ ಕೋಶದ ಗೋಡೆಯೊಳಗಿನ ನೀರು ಹೊರಗೆ ಬರೋಕೆ ಶುರು. ಮರ ಕುಗ್ಗೋದು ಅಲ್ಲಿಂದ. ಉದ್ದಕ್ಕೆ ಕುಗ್ಗೋದು ಲೆಕ್ಕಕ್ಕೇ ಬರಲ್ಲ. ಅಗಲಕ್ಕೆ ಕುಗ್ಗುತ್ತೆ, ಅದರಲ್ಲೂ ವರ್ಷದ ಉಂಗುರದ ಗುಂಟ ಆಗೋದು ಉಂಗುರಕ್ಕೆ ಅಡ್ಡವಾಗಿ ಆಗೋದರ ಹೆಚ್ಚುಕಮ್ಮಿ ಎರಡು ಪಟ್ಟು. ಹಲಗೆ ದೋಣಿಯಂಗೆ ಬಾಗೋದು ಈ ವ್ಯತ್ಯಾಸದಿಂದಲೇ.

ಒಣಗಿದ ಮೇಲೆ ಕಥೆ ಮುಗೀತು ಅಂದ್ಕೋಬೇಡಿ. ಮರ ಸುತ್ತಲಿನ ಗಾಳಿ ಜೊತೆ ಸದಾ ಕೊಡುಕೊಳ್ಳುವಿಕೆ ನಡೆಸ್ತಾನೇ ಇರುತ್ತೆ. ಗಾಳಿಯ ಆರ್ದ್ರತೆ ಶೇ 40 ಇದ್ರೆ ಮರದ ತೇವ ಸುಮಾರು ಶೇ 7.5ಕ್ಕೆ ಬಂದು ನಿಲ್ಲುತ್ತೆ. ಶೇ 75 ಇದ್ರೆ ಸುಮಾರು ಶೇ 14ಕ್ಕೆ. ನಮ್ಮ ದುರ್ಗ-ದಾವಣಗೆರೆ ಬೇಸಿಗೆ ಹೆಂಗೆ ಒಣಾ ಒಣಾ ಅಂತ ನಿಮಗೇ ಗೊತ್ತು, ಆಗಸ್ಟ್ ಬಂದ್ರೆ ಬಟ್ಟೆ ಒಣಗಲ್ಲ. ವರ್ಷದಲ್ಲಿ ಶೇ 6ರಷ್ಟು ಏರಿಳಿತ ಅಂತ ಇಟ್ಕೊಳ್ಳಿ. ಅಲುಗಾಟ ಕಡಿಮೆ ಅಂತ ಹೆಸರಾದ ಸಾಗವಾನಿಯಲ್ಲೇ 36 ಇಂಚು ಅಗಲಕ್ಕೆ ಅದು ಸುಮಾರು 10 ಮಿ.ಮೀ. ಆಗುತ್ತೆ. ಬೇವು ಅದಕ್ಕಿಂತ ಹೆಚ್ಚೇ ಆಡುತ್ತೆ.

ಈಗ ಆ ಹಲಗೆಯನ್ನ ಕಬ್ಬಿಣದ ಆಂಗಲ್‌ಗೆ ಬಿಗಿದು ಹಿಡಿದ್ರಿ ಅನ್ನಿ. ಕಬ್ಬಿಣ ಕುಗ್ಗಲ್ಲ, ಮರ ಕುಗ್ಗಲೇಬೇಕು. ಸ್ಕ್ರೂ ಬಿಡಲ್ಲ. ಮಧ್ಯದಲ್ಲಿ ಎಲ್ಲೋ ಒಂದು ಕಡೆ ಪಟ್ ಅಂತ ಸೀಳುತ್ತೆ. ರಾತ್ರಿ ಹೊತ್ತು ಆ ಶಬ್ದ ಕೇಳಿ ಕಳ್ಳ ಬಂದ ಅಂತ ಎದ್ದು ಕೂತವರಿದ್ದಾರೆ.

ಆನಗೋಡಿನವ

ಅಬ್ಬಾ, 10 ಮಿ.ಮೀ.! ಹಲಗೆಗಳನ್ನ ಇವತ್ತೇ ಮಲಗಿಸ್ತೀನಿ. ಆದ್ರೆ ಒಣಗಿದೆಯೋ ಇಲ್ವೋ ಅಂತ ತಿಳಿಯೋದು ಹೆಂಗೆ? ಮೇಲೆ ಮುಟ್ಟಿದ್ರೆ ಒಣಗಿದಂಗೇ ಇದೆ. ಇಂಚಿಗೆ ಒಂದು ವರ್ಷ ಅಂತಾರಲ್ಲ, ಹಾಗಾದ್ರೆ ಒಂದೂವರೆ ವರ್ಷ ಕಾಯಬೇಕಾ?

ದುರ್ಗದ_ಗಾಳಿ

ಇಂಚಿಗೆ ವರ್ಷ ಅನ್ನೋದು ಅಂದಾಜಿನ ಮಾತು. ಮಲೆನಾಡಲ್ಲಿ ಅಷ್ಟಕ್ಕೂ ಸಾಲದೆ ಬರಬಹುದು, ನಮ್ಮ ಬಯಲಲ್ಲಿ ಬೇಗ ಆಗಬಹುದು. ತೇವ ಅಳೆಯೋ ಮೀಟರ್ ಸಿಗುತ್ತೆ, ಇಲ್ದಿದ್ರೂ ಅಡುಗೆಮನೆ ತಕ್ಕಡಿ ಸಾಕು. ಹಲಗೆಯ ತುದಿಯಿಂದ ಒಂದಡಿ ಒಳಗೆ ಹೋಗಿ ಒಂದಿಂಚಿನ ತುಂಡು ಕತ್ತರಿಸಿ. ತೀರಾ ತುದೀದು ಬೇಡ, ತುದಿ ಹತ್ತು ಪಟ್ಟಿಗೂ ಹೆಚ್ಚು ಬೇಗ ಒಣಗಿರುತ್ತೆ, ಸುಳ್ಳು ಹೇಳುತ್ತೆ. ತಕ್ಷಣ ತೂಗಿ ಬರೆದಿಡಿ. ಆಮೇಲೆ ಕೇಕ್ ಮಾಡೋ ಓವನ್‌ನಲ್ಲಿ 100 ಡಿಗ್ರಿ ಸ್ವಲ್ಪ ಮೇಲಿಟ್ಟು ಒಣಗಿಸ್ತಾ, ಗಂಟೆಗೊಂದು ಸಲ ತೂಗಿ. ತೂಕ ಇಳಿಯೋದು ನಿಂತಾಗ ಅದು ಪೂರ್ತಿ ಒಣಗಿದ ತೂಕ. ಮೊದಲಿನ ತೂಕದಲ್ಲಿ ಇದನ್ನ ಕಳೆದು, ಒಣ ತೂಕದಿಂದ ಭಾಗಿಸಿ, ನೂರರಿಂದ ಗುಣಿಸಿ.

ಕಾಲಿನ ತುಂಡಿಗೂ ಬೇರೆಯಾಗಿ ಮಾಡಿ. ನನಗೆ ಅನುಮಾನ ಇರೋದೇ ಅದರ ಮೇಲೆ.

ಹಿರಿಯೂರಕ್ಕ · ಹಿರಿಯೂರು

ಓವನ್ ಪಕ್ಕದಲ್ಲೇ ನಿಂತಿರಿ, ಬಿಟ್ಟು ಹೋಗಬೇಡಿ. ಮನೆಯವರಿಗೆ ಮೊದಲೇ ಹೇಳಿ ಮಾಡಿ, ಬೇವಿನ ವಾಸನೆ ಎರಡು ದಿನ ಹೋಗಲ್ಲ 🙂 ಮತ್ತೆ ಬೇವಿನ ಪುಡಿ ಮೂಗಿಗೆ ಹೋದ್ರೆ ಸೀನು, ಗಂಟಲಲ್ಲಿ ಕಹಿ. ಪ್ಲೇನರ್ ಹಿಡಿಯೋಕೆ ಮುಂಚೆ ಸರಿಯಾದ ಮಾಸ್ಕ್ ತಗೊಳ್ಳಿ, ಕರ್ಚೀಫ್ ಕಟ್ಕೊಂಡ್ರೆ ಪ್ರಯೋಜನ ಇಲ್ಲ.

ಆನಗೋಡಿನವ

ಮಾಡಿದೆ. ಹಲಗೆ ತುಂಡು ಮೊದಲು 118 ಗ್ರಾಂ, ಒಣಗಿದ ಮೇಲೆ 104. ಅಂದ್ರೆ ಶೇ 13.5. ಕಾಲಿನ ತುಂಡು 131 ಇದ್ದದ್ದು 109ಕ್ಕೆ ಬಂತು, ಶೇ 20. ದುರ್ಗದವರ ಅನುಮಾನ ನಿಜ ಆಯ್ತು.

ಇನ್ನೊಂದು: ಕಾಲುಗಳನ್ನ ತುದಿ ಕಡೆಯಿಂದ ನೋಡಿದ್ರೆ ಎರಡರಲ್ಲಿ ನಟ್ಟನಡುವೆ ಚುಕ್ಕೆ ಥರ ತಿರುಳು ಕಾಣುತ್ತೆ, ಅಲ್ಲಿಂದ ಹೊರಗಡೆಗೆ ಕೂದಲೆಳೆ ಸೀಳು ಬಿಟ್ಟಿದೆ.

ಉಳಿ_ಕೊಡತಿ

ಹಲಗಿ ಅಡ್ಡಿ ಇಲ್ಲ. ಈ ಒಣ ಹವಾದಾಗ ರೀಪು ಕೊಟ್ಟು ಇಟ್ರ ಏಪ್ರಿಲ್ ಹೊತ್ತಿಗೆ ಶೇ 10ರ ಹತ್ರ ಬರ್ತತಿ. ಯುಗಾದಿ ಊಟ ನೆಲದ ಮ್ಯಾಲೆ ಕುಂತು ಮಾಡ್ರಿ, ಅದೂ ಚಲೋನ.

ಕಾಲಿಗೆ ಬಂದ್ರ, ಹಳೇ ಬಡಿಗ್ಯಾರು ಒಂದು ಉಪಾಯ ಮಾಡ್ತಿದ್ರು. ಕಾಲು ಸ್ವಲ್ಪ ಹಸಿ ಇರ್ಬೇಕು, ಅದರಾಗ ಕೂಡೋ ಅಡ್ಡಪಟ್ಟಿ (ಎರಡು ಕಾಲು ಕೂಡಿಸೋ ಪಟ್ಟಿ) ನಾಲಗಿ, ಅಂದ್ರ ಕಾಲಿನ ತೂತಿನ್ಯಾಗ ಹೊಕ್ಕೊಳ್ಳೋ ತುದಿ, ಪೂರ್ತಿ ಒಣಗಿರ್ಬೇಕು. ಕಾಲು ಒಣಗ್ತಾ ಕುಗ್ಗಿ ನಾಲಗೀನ ಹಿಡಕೊಂತತಿ, ಎಳದ್ರೂ ಬರಂಗಿಲ್ಲ. ಹಂಗಾಗಿ ಹಸಿ ಅಂತ ಗಾಬ್ರಿ ಆಗಬ್ಯಾಡ್ರಿ.

ದುರ್ಗದ_ಗಾಳಿ

ಆಚಾರ್ರೇ, ಒಂದೂವರೆ ಇಂಚಿನ ಸ್ಟೂಲ್ ಕಾಲಿಗೆ ಅದು ಸರಿ. ಮೂರೂವರೆ ಇಂಚಿನ ಕಾಲು, ಅದರಲ್ಲೂ ತಿರುಳು ಒಳಗಡೆ ಇರೋದು, ಸುತ್ತ ಕುಗ್ಗೋಕೆ ಹೊರಟು ನಡು ಬಿಡದೆ ಸೀಳೇ ಸೀಳುತ್ತೆ. ಸೀಳು ಸರಿಯಾಗಿ ನಾಲಗೆ ಕೂರೋ ತೂತಿಗೇ ಬಂದ್ರೆ ಹಿಡಿತ ಎಲ್ಲಿ ಉಳೀತು?

ಉಳಿ_ಕೊಡತಿ

ತಿರುಳಿನ ಎರಡೂ ಬ್ಯಾಡ ಬಿಡ್ರಿ, ಅದಕ್ಕ ನಾನೂ ಒಪ್ತೀನಿ. ಉಳಿದ ಎರಡರ ಮ್ಯಾಲೆ ನಂಬಿಕಿ ಐತಿ ನನಗ.

ಮಿಲ್‌ಗೇಟ್

ಎರಡು ಬೇವು ಎರಡು ಬೇರೆ ಅಂದ್ರೆ ಟೇಬಲ್ ಕುಂಟುತ್ತೆ ಅನ್ನೋದಕ್ಕಿಂತ ಕಣ್ಣಿಗೆ ಕುಂಟುತ್ತೆ. ನಾಲ್ಕೂ ಬದಲಾಯಿಸಿ. ಹಳೇಪೇಟೆ ಕಡೆ ಹಳೇ ಮನೆ ಕೆಡವ್ತಾನೇ ಇರ್ತಾರೆ. ಅಟ್ಟದ ತೊಲೆ, ಬಾಗಿಲ ಚೌಕಟ್ಟು ಹೊರಗೆ ಬರುತ್ತೆ, ಮತ್ತಿ, ಹೊನ್ನೆ, ಕೆಲವು ಸಲ ಸಾಗವಾನಿ. ನಮ್ಮಜ್ಜನ ಕಾಲದಲ್ಲಿ ಹಾಕಿದ ಮರ, ಅದಕ್ಕಿಂತ ಒಣಗಿದ್ದು ಎಲ್ಲಿ ಸಿಗುತ್ತೆ? (ನೋಡಿ, ಮೊದಲು ಬೇಡ ಅಂದವನು ನಾನೇ, ಈಗ ನಾನೇ ಮರ ಹುಡುಕಿ ಕೊಡ್ತಿದೀನಿ.)

ಆನಗೋಡಿನವ

ಮಿಲ್‌ಗೇಟ್ ಸಾರ್, ಗಡಿಯಾರ ಕಂಬದ ಹಿಂದಿನ ಬೀದಿಯಲ್ಲಿ ಒಂದು ಮನೆ ಕೆಡವ್ತಿದ್ರು, ಹೋಗಿ ನೋಡಿದೆ. ಐದಿಂಚು ಚೌಕದ ಎರಡು ತೊಲೆ ಸಿಕ್ತು, ಒಂದೊಂದು ಏಳು ಅಡಿ. ಹೊಗೆ ಹಿಡಿದು ಕಪ್ಪಗಿದೆ. ಒಂದು ಮೂಲೇಲಿ ಉಳಿ ಹಾಕಿ ಕೆರೆದ್ರೆ ಒಳಗೆ ಕಂದು ಬಣ್ಣ, ಕಪ್ಪು ಗೆರೆ. ಭಾರ ಅಂದ್ರೆ ಭಾರ, ಇಬ್ಬರು ಎತ್ತಿ ಆಟೋಗೆ ಹಾಕಿದ್ವಿ. ಮತ್ತಿ ಅಂತ ಅಲ್ಲಿನ ಕೂಲಿಯವರು ಅಂದ್ರು.

ಉಳಿ_ಕೊಡತಿ

ಕಪ್ಪು ಗೆರಿ, ಆ ಭಾರ, ಅಂದ್ರ ಮತ್ತೀನ. ಉಳಿ ಅಂಚು ಬೇಗ ಹೋಗ್ತತಿ, ಸಾಣೆಕಲ್ಲು ಪಕ್ಕದಾಗ ಇಟ್ಕೊಂಡು ಕುಂದ್ರ್ರಿ. ಗರಗಸ ಹಾಕೋ ಮೊದ್ಲು ಆಯಸ್ಕಾಂತ ಹಿಡದು ನಾಕೂ ಮಗ್ಗಲು ಸವರ್ರಿ. ಹಳೇ ಮನ್ಯಾಗ ಕ್ಯಾಲೆಂಡರ್ ಮೊಳಿ, ತೊಟ್ಟಿಲ ಕೊಂಡಿ, ಏನೇನು ಮುರಕೊಂಡು ಒಳಗ ಕುಂತಿರ್ತತೋ ಯಾರಿಗ್ಗೊತ್ತು.

ಬೆಣ್ಣೆದೋಸೆ_ಪಾರ್ಸೆಲ್

ನಮ್ಮಮ್ಮ ಕೇಳ್ತಿದಾರೆ: ಬೇವು ಅಮ್ಮನ ಮರ, ಅದರ ಮೇಲೆ ತಟ್ಟೆ ಇಟ್ಟು ಉಣ್ಣಬಹುದಾ ಅಂತ. ಇದು ತಮಾಷೆ ಅಲ್ಲ, ನಿಜವಾಗಿ ಕೇಳಿದ್ರು.

ಹಿರಿಯೂರಕ್ಕ

ಅವರವರ ಮನೆ ನಂಬಿಕೆ. ನಮ್ಮತ್ತೆ ಮನೇಲಿ ತೊಟ್ಟಿಲೇ ಬೇವಿಂದು. ತಾನಾಗಿ ಬಿದ್ದ ಮರ ಅಲ್ವಾ, ದುಗ್ಗಮ್ಮಂಗೆ ಒಂದು ಕಾಯಿ ಒಡೆಸಿ ಶುರು ಮಾಡಲಿ ಅಂತ ಅಮ್ಮನಿಗೆ ಹೇಳಿ.

ಆನಗೋಡಿನವ

ಕಾಯಿ ಆಗಲೇ ಒಡೆದಾಯ್ತು ಅಕ್ಕ, ಅಪ್ಪ ಕಡಿಯೋ ದಿನವೇ ಮಾಡಿಸಿದ್ರು.

ಈಗ ಹಲಗೆ ಚಪ್ಪಟೆ ಮಾಡೋದು ಕೇಳಬೇಕು. ಪ್ಲೇನರ್‌ನಲ್ಲಿ ಒಂದು ಹಲಗೆ ಮೇಲೆ ಕೈ ಪಳಗಿಸಿದೆ. ನುಣ್ಣಗೇನೋ ಆಯ್ತು, ಆದ್ರೆ ನೆಲದ ಮೇಲಿಟ್ರೆ ಎದುರುಬದುರು ಮೂಲೆ ಟಕ್ ಟಕ್ ಅಂತ ಕುಣಿಯುತ್ತೆ. ಕೆಲವು ಕಡೆ ನಾರು ಕಿತ್ತು ಬಂದು ಗುಳಿ ಬಿದ್ದಿದೆ.

ದುರ್ಗದ_ಗಾಳಿ

ಅದು ತಿರುಚು. ನುಣುಪು ಬೇರೆ, ಚಪ್ಪಟೆ ಬೇರೆ. ಪ್ಲೇನರ್ ಮೇಲ್ಮೈ ಹೆಂಗಿದೆಯೋ ಹಂಗೇ ಹಿಂಬಾಲಿಸಿ ನುಣ್ಣಗೆ ಮಾಡುತ್ತೆ, ತಿರುಚಿದ ಹಲಗೆ ನುಣ್ಣಗಿನ ತಿರುಚಿದ ಹಲಗೆ ಆಗುತ್ತೆ ಅಷ್ಟೇ.

ಕಿಟಕಿಗೆ ಹಾಕೋ ಅಲ್ಯೂಮಿನಿಯಂ ಚಾನಲ್ ಎರಡು ತುಂಡು ತಗೊಳ್ಳಿ, ಎರಡಡಿ ಉದ್ದ, ನೇರ ಇರಬೇಕು. ಒಂದನ್ನ ಹಲಗೆಯ ಈ ತುದಿಗೆ ಅಡ್ಡ ಇಡಿ, ಇನ್ನೊಂದನ್ನ ಆ ತುದಿಗೆ. ಕೆಳಗೆ ಬಗ್ಗಿ, ಒಂದು ಕಣ್ಣು ಮುಚ್ಚಿ, ಹತ್ತಿರದ್ದರ ಮೇಲಂಚಿನಿಂದ ದೂರದ್ದರ ಮೇಲಂಚನ್ನ ನೋಡಿ. ಎರಡೂ ಸಮಾನಾಂತರ ಕಂಡ್ರೆ ಸರಿ. ಒಂದು ಕಡೆ ಎತ್ತರ ಕಂಡ್ರೆ ಆ ಮೂಲೆ ಎದ್ದಿದೆ ಅಂತ ಅರ್ಥ, ಸೀಮೆಸುಣ್ಣದಲ್ಲಿ ಗುರುತು ಹಾಕಿ. ಚಾನಲ್ ಉದ್ದ ಇದ್ದಷ್ಟೂ ಸಣ್ಣ ತಿರುಚೂ ದೊಡ್ಡದಾಗಿ ಕಾಣುತ್ತೆ. ಎದ್ದಿರೋ ಎರಡು ಮೂಲೆ ಮಾತ್ರ ಮೊದಲು ಇಳಿಸಿ, ಉಳಿದದ್ದನ್ನ ಮುಟ್ಟಬೇಡಿ. ಕೆಳಗೆ ಹಲಗೆ ಅಲುಗದಂಗೆ ತೆಳು ಬೆಣೆ ಕೊಡಿ.

ಕ್ರಮ ತಪ್ಪಿಸಬೇಡಿ. ಮೊದಲು ಒಂದು ಮುಖ ಚಪ್ಪಟೆ, ಆಮೇಲೆ ಅದಕ್ಕೆ ಮೂಲೆಮಟ್ಟ ಹಿಡಿದು ಒಂದು ಅಂಚು. ಆ ಮುಖವನ್ನ ಆಧಾರ ಮಾಡ್ಕೊಂಡು ಎರಡನೇ ಮುಖ, ಕೊನೆಗೆ ಎರಡನೇ ಅಂಚು. ಉದ್ದ ಕತ್ತರಿಸೋದು ಎಲ್ಲದರ ನಂತರ. ಒಂದು ಮುಖ ಆದಮೇಲೆ ಎರಡನೇ ಮುಖಕ್ಕೆ ಒದ್ದಾಡಬೇಡಿ. ಹಲಗೆಯನ್ನ ಒಂದೇ ದಪ್ಪಕ್ಕೆ ಕೆತ್ತೋ ಥಿಕ್‌ನೆಸ್ ಮಷೀನು ಇರೋ ಕಡೆ ಒಯ್ಯಿರಿ, ಹತ್ತು ನಿಮಿಷದ ಕೆಲಸ. ಆದ್ರೆ ಒಂದೂ ಮುಖ ಚಪ್ಪಟೆ ಮಾಡದೆ ಹಂಗೇ ಒಯ್ದ್ರೆ ಮಷೀನಿನ ರೋಲರ್ ಹಲಗೆಯನ್ನ ಒತ್ತಿ ಹಿಡಿದು ಕೆತ್ತುತ್ತೆ, ಹೊರಗೆ ಬಂದಕೂಡಲೇ ಮತ್ತೆ ಎದ್ದು ನಿಲ್ಲುತ್ತೆ.

ಉಳಿ_ಕೊಡತಿ

ನಾರು ಕೀಳೋದು ಬೇವಿನ ಹುಟ್ಟುಗುಣ. ಒಂದು ಪಟ್ಟಿಯಾಗ ನಾರು ಹಿಂಗ ಮಲಗಿದ್ರ ಪಕ್ಕದ ಪಟ್ಟಿಯಾಗ ಹಂಗ ಮಲಗಿರ್ತತಿ. ಯಾ ಕಡಿಂದ ಹೊಡದ್ರೂ ಒಂದು ಪಟ್ಟಿ ಕಿತ್ತು ಬರ್ತತಿ. ಕರೆಂಟ್ ಪ್ಲೇನರ್ ಕೊನೀ ಕೈಗೆ ಬ್ಯಾಡ. ತಾತನ ತೋಪಡ ತಗೀರಿ. ಅದರ ಅಲಗಿನ ಮ್ಯಾಲೆ ಇನ್ನೊಂದು ಕಬ್ಬಿಣದ ತಗಡು ಸ್ಕ್ರೂ ಹಾಕಿ ಕುಂದ್ರಿಸಿರ್ತಾರ ನೋಡ್ರಿ, ಅದನ್ನ ಅಲಗಿನ ಅಂಚಿಗೆ ಅರ್ಧ ಮಿಲಿಮೀಟರ್‌ಕಿಂತ ಹತ್ರ ತರ್ರಿ. ಹೊಟ್ಟು ಎದ್ದಕೂಡ್ಲೇ ಅದಕ್ಕ ಬಡದು ಮುರೀತತಿ, ನಾರು ಕೀಳಾಕ ಬಿಡಂಗಿಲ್ಲ. ಅಲಗು ಮುಂಗೈ ಕೂದಲು ಹಾರಿಸ್ಬೇಕು, ಅಷ್ಟು ಹರಿತ. ಕೋನ ಕಡಿಮಿ ಅಂದ್ರ 30 ಡಿಗ್ರಿ ಇಡ್ರಿ, 25 ಇಟ್ರ ಗಂಟಿನ ಮ್ಯಾಲೆ ಚಕ್ಕಿ ಹಾರ್ತತಿ. ಉದ್ದಕ್ಕ ಬ್ಯಾಡ, ಓರಿಯಾಗಿ ಹೊಡೀರಿ. ಹೊಟ್ಟು ಈರುಳ್ಳಿ ಸಿಪ್ಪಿ ಹಂಗ ಬೆಳಕು ಹಾಯೋ ಅಷ್ಟು ತೆಳ್ಳಗ ಬರ್ಬೇಕು.

ಅಷ್ಟಾದ್ರೂ ಅಲ್ಲಲ್ಲಿ ಕಿತ್ರ, ಒಡದ ಗಾಜಿನ ಚೂರು. ನಮ್ಮಪ್ಪ ಮರಳು ಕಾಗದ ಮುಟ್ಟಿದ್ದೇ ಕಡಿಮಿ. ಗಾಜು ಎರಡೂ ಕೈಯಾಗ ಹಿಡಕೊಂಡು ಸ್ವಲ್ಪ ಮುಂದಕ್ಕ ವಾಲಿಸಿ ಕೆರದ್ರ ಕನ್ನಡಿ ಹಂಗಾಗ್ತಿತ್ತು. ಕೈಗೆ ಬಟ್ಟಿ ಸುತ್ಕೊಳ್ರಿ, ಇಲ್ಲಾಂದ್ರ ಅಂಗಡ್ಯಾಗ ಸ್ಟೀಲ್ ತಗಡಿನ ಸ್ಕ್ರೇಪರ್ ಸಿಗ್ತತಿ.

ದುರ್ಗದ_ಗಾಳಿ

ಇದಕ್ಕೆ ಒಂದೇ ಸೇರಿಸ್ತೀನಿ. ಒಂದೇ ದಿನ ಒಂದೂವರೆ ಇಂಚನ್ನ ಒಂದು ಇಂಚಿಗೆ ಇಳಿಸಬೇಡಿ. ಮೊದಲು ಒರಟಾಗಿ ಕೆತ್ತಿ, ಎರಡೂ ಮುಖದಿಂದ ಸಮ ತೆಗೀಬೇಕು, ಒಂದು ವಾರ ರೀಪಿನ ಮೇಲೆ ಮತ್ತೆ ಮಲಗಿಸಿ. ಮರದೊಳಗೆ ಎಳೆತ ಇರುತ್ತೆ, ಹೊರಪದರ ಹೋದಾಗ ಬಿಡುಗಡೆ ಆಗಿ ಇನ್ನೊಂದು ಸುತ್ತು ಬಾಗುತ್ತೆ. ಆ ಬಾಗು ತೆಗೆಯೋಕೆ ಎರಡು-ಮೂರು ಮಿ.ಮೀ. ಉಳಿಸಿಕೊಂಡಿರಿ.

ಮರ ಸಾಲುತ್ತಾ ಅಂತಾನೂ ನೋಡಿದೆ. ಅಂಚು ನೇರ ಮಾಡಿದ ಮೇಲೆ ಹಲಗೆ 7.5 ಇಂಚು ಉಳಿದ್ರೂ ಐದು ಹಲಗೆಗೆ 37.5 ಇಂಚು, ಮೂರಡಿ ಆರಾಮಾಗಿ ಬರುತ್ತೆ. ಉಳಿದ ಎರಡನ್ನ ಉದ್ದಕ್ಕೆ ಸೀಳಿದ್ರೆ ಕೆಳಗಿನ ಅಡ್ಡಪಟ್ಟಿ ನಾಲ್ಕೂ ಆಗುತ್ತೆ. ಅಡ್ಡಪಟ್ಟಿ ಮೂರೂವರೆ ಇಂಚಿಗಿಂತ ಅಗಲ ಬೇಡ. ಟೇಬಲ್ ಎತ್ತರ 30 ಇಂಚು ಇಟ್ರೆ ಮೊಣಕಾಲಿಗೆ 25 ಇಂಚು ಸಿಗಬೇಕು, ದಪ್ಪಗಿನ ಮಾವ ಬಂದ್ರೂ ಕೂರಬೇಕು ತಾನೆ.

ಆನಗೋಡಿನವ

ಚಾನಲ್ ಇಟ್ಟು ನೋಡೋದು ಕಲಿತ ಮೇಲೆ ಮನೆ ಬಾಗಿಲು, ಮಂಚ, ಟಿವಿ ಸ್ಟ್ಯಾಂಡ್ ಎಲ್ಲ ತಿರುಚಿರೋದು ಕಾಣ್ತಿದೆ, ಮನೆಯವರಿಗೆ ತಲೆ ಕೆಟ್ಟಿದೆ 😅 ಹಲಗೆಗಳ ಮೊದಲ ಸುತ್ತು ಆಯ್ತು, ಮಲಗಿಸಿದೀನಿ.

ಜೋಡಿಸೋದು ಹೆಂಗೆ? ಉದ್ದ ಕ್ಲ್ಯಾಂಪು ಇಲ್ಲ. ಅಂಚು 90 ಡಿಗ್ರಿ ಕರೆಕ್ಟಾಗಿ ಬರ್ತಿಲ್ಲ.

ಉಳಿ_ಕೊಡತಿ

90 ಬರಬೇಕಂತ ಏನೂ ಇಲ್ಲ. ಪಕ್ಕದಾಗ ಕೂಡೋ ಎರಡು ಹಲಗಿ ಪುಸ್ತಕ ಮಡಚಿದಂಗ ಒಂದರ ಮುಖಕ್ಕ ಒಂದು ಮುಖ ಕೂಡಿಸಿ, ಎರಡೂ ಅಂಚು ಮ್ಯಾಲೆ ಮಾಡಿ, ಒಟ್ಟಿಗೇ ತೋಪಡ ಹೊಡೀರಿ. ಒಂದು 89 ಆದ್ರ ಇನ್ನೊಂದು 91 ಆಗಿರ್ತತಿ. ಬಿಚ್ಚಿ ಪಕ್ಕ ಇಟ್ರ ಎರಡೂ ಕೂಡಿ ಸಪಾಟ. ನಡುವ ಒಂದೆರಡು ಕೈ ಹೆಚ್ಚು ಹೊಡೀರಿ, ಎರಡು ಕೂಡಿಸಿ ಬೆಳಕಿಗೆ ಹಿಡದ್ರ ನಡುವ ಕಾಗದ ತೂರೋ ಅಷ್ಟು ಸಂದು ಕಾಣ್ಬೇಕು, ತುದಿಗೆ ಕಾಣಬಾರ್ದು. ತುದಿ ಯಾವಾಗ್ಲೂ ಮೊದ್ಲು ಒಣಗಿ ಬಿರಿಯೋದು, ಅದಕ್ಕ ತುದಿ ಬಿಗಿ ಇರ್ಲಿ.

ಕ್ಲ್ಯಾಂಪಿಗೆ ದುಡ್ಡು ಹಾಕಬ್ಯಾಡ್ರಿ. ನಾಕಡಿ ಉದ್ದದ ಗಟ್ಟಿ ರೀಪು ಮೂರು. ಒಂದು ತುದಿಗೆ ಒಂದು ಮರದ ತುಂಡು ಸ್ಕ್ರೂ ಹಾಕ್ರಿ, ಇನ್ನೊಂದು ತುದಿಗೆ ಟೇಬಲ್ ಅಗಲಕ್ಕಿಂತ ಎರಡಿಂಚು ಆಚಿಗೆ ಇನ್ನೊಂದು. ನಡುವ ಹಲಗಿ ಇಟ್ಟು, ಉಳಿದ ಸಂದಿನ್ಯಾಗ ಎರಡು ಬೆಣಿ ಎದುರುಬದುರು ಇಟ್ಟು ಕೊಡತಿಲೆ ಬಡೀರಿ. ಎಂಥಾ ಕ್ಲ್ಯಾಂಪೂ ಇಷ್ಟು ಬಿಗಿಯಂಗಿಲ್ಲ. ಹಲಗಿ ಮ್ಯಾಲೆ ಎದ್ದೇಳದಂಗ ಭಾರ ಇಡೋದು ಮರೀಬ್ಯಾಡ್ರಿ.

ಹಿರಿಯೂರಕ್ಕ

ಗೋಂದು ಹಚ್ಚೋದು ಬೆಳಗ್ಗೆ ಆರು ಗಂಟೆಗೆ ಇಟ್ಕೊಳ್ಳಿ. ಮಾರ್ಚ್ ಮಧ್ಯಾಹ್ನ ಫೆವಿಕಾಲ್ ಬಳಿದು ಐದನೇ ಹಲಗೆಗೆ ಹೋಗೋಷ್ಟರಲ್ಲಿ ಮೊದಲನೆಯದರ ಮೇಲೆ ಪೊರೆ ಕಟ್ಟಿರುತ್ತೆ, ಆಮೇಲೆ ಎಷ್ಟು ಬಿಗಿದ್ರೂ ಅಂಟಲ್ಲ. ಐದನ್ನೂ ಒಟ್ಟಿಗೆ ಬೇಡ, ಎರಡು-ಎರಡು ಸೇರಿಸಿ, ಮಾರನೇ ದಿನ ಅವನ್ನ ಕೂಡಿಸಿ. ಬೆಣೆ ಬಿಗಿದಾಗ ಸಂದಿನ ಉದ್ದಕ್ಕೂ ಸಾಸಿವೆ ಕಾಳಿನಷ್ಟು ಹನಿ ಹೊರಗೆ ಬಂದ್ರೆ ಗೋಂದು ಸರಿಯಾಗಿದೆ. ಒದ್ದೆ ಬಟ್ಟೇಲಿ ಒರೆಸಬೇಡಿ, ಅದು ನಾರಿನೊಳಗೆ ಇಳಿದು ಪಾಲಿಶ್ ಹಾಕಿದಾಗ ಬಿಳಿ ಕಲೆ ಆಗಿ ಕಾಣುತ್ತೆ. ಅರ್ಧ ಗಟ್ಟಿಯಾದ ಮೇಲೆ ಉಳಿಯಲ್ಲಿ ಎಬ್ಬಿಸಿ.

ಮಿಲ್‌ಗೇಟ್

ಕಾಲಿಗೂ ಅಡ್ಡಪಟ್ಟಿಗೂ ಏನು ಮಾಡ್ತೀರಿ? ಅಲ್ಲೂ ಸ್ಕ್ರೂನಾ?

ಉಳಿ_ಕೊಡತಿ

ಸ್ಕ್ರೂ ಬ್ಯಾಡ. ಕಾಲಿಗೆ ತೂತು, ಪಟ್ಟಿ ತುದಿಗೆ ನಾಲಗಿ. ನಾಲಗಿ ದಪ್ಪ ಪಟ್ಟಿ ದಪ್ಪದ ಮೂರನೇ ಒಂದು ಭಾಗ, ಉದ್ದ ಒಂದೂಕಾಲು ಇಂಚು. ಕಾಲಿನ ತುದೀಗಂತ ತೂತು ತರಬ್ಯಾಡ್ರಿ, ಮ್ಯಾಲೆ ಮುಕ್ಕಾಲು ಇಂಚು ಬಿಡ್ರಿ. ಡ್ರಿಲ್ ಹಾಕಿ ಸಾಲಾಗಿ ತೂತು ಹೊಡದು ಉಳಿಯಾಗ ಗೋಡಿ ನೇರ ಮಾಡ್ರಿ. ಮತ್ತಿ ಗಟ್ಟಿ ಇರ್ತತಿ, ಅವಸರ ಮಾಡಿದ್ರ ಉಳಿ ಮೂತಿ ಮುರೀತತಿ.

ಬಿಗಿತಕ್ಕ ಗೂಟ. ಕಾಲಿಗೆ ಒಂದು ಸಣ್ಣ ತೂತು ಹಾಕಿ, ನಾಲಗಿ ಒಳಗ ತೂರಿಸಿ ಗುರುತು ಮಾಡಿ ಹೊರಗ ತಗೀರಿ. ನಾಲಗಿಯ ತೂತು ಆ ಗುರುತಿಗಿಂತ ಒಂದು ಮಿಲಿಮೀಟರ್ ಭುಜದ ಕಡೆ (ನಾಲಗಿ ಶುರುವಾಗೋ ಬುಡದ ಕಡೆ) ಸರಿಸಿ ಹಾಕ್ರಿ. ಜಾಲಿ ಗೂಟ ಬಡದ್ರ ಅದು ನಾಲಗೀನ ಒಳಗ ಎಳಕೊಂತತಿ. ಕ್ಲ್ಯಾಂಪೂ ಬ್ಯಾಡ, ಗೋಂದಿಲ್ಲದಿದ್ರೂ ನಿಲ್ತತಿ.

ಆನಗೋಡಿನವ

ಹಾಗಾದ್ರೆ ಮೇಲಿನ ಹಲಗೆಯನ್ನ ಕಾಲಿನ ಚೌಕಟ್ಟಿಗೆ ಹಿಡಿಸೋದು? ಅದೇ 10 ಮಿ.ಮೀ. ತಲೆ ತಿಂತಿದೆ.

ದುರ್ಗದ_ಗಾಳಿ

ಹಿಡಿಸಬೇಕು, ಕಟ್ಟಿಹಾಕಬಾರದು. ಅಡ್ಡಪಟ್ಟಿಯ ಒಳಮುಖದಲ್ಲಿ, ಮೇಲಂಚಿನಿಂದ ಅರ್ಧ ಇಂಚು ಕೆಳಗೆ, ಉದ್ದಕ್ಕೂ ಒಂದು ಗಾಡಿ (ಕಾಲುವೆಯಂಥ ಗೀರು) ಹೊಡೀರಿ, ಕಾಲಿಂಚು ಅಗಲ. ಸರ್ಕ್ಯುಲರ್ ಗರಗಸದಲ್ಲಿ ಎರಡು ಸಲ ಓಡಿಸಿದ್ರೆ ಆಗುತ್ತೆ, ಪಟ್ಟಿ ಜೋಡಿಸೋ ಮುಂಚೆಯೇ ಮಾಡಿ. ಉಳಿದ ಚೂರಲ್ಲಿ ಎರಡಿಂಚಿನ ತುಂಡು ಹತ್ತು-ಹನ್ನೆರಡು ಮಾಡಿ, ಪ್ರತಿಯೊಂದರ ಒಂದು ತುದಿ ಮೆಟ್ಟಿಲಂಗೆ ಕತ್ತರಿಸಿ. ಆ ಮೆಟ್ಟಿಲು ಗಾಡಿಯೊಳಗೆ ಸಡಿಲವಾಗಿ ಕೂರುತ್ತೆ, ಇನ್ನೊಂದು ತುದಿ ಸ್ಕ್ರೂ ಹಾಕಿ ಮೇಲಿನ ಹಲಗೆಗೆ. ಹಲಗೆ ಹಿಗ್ಗಿದ್ರೆ, ಕುಗ್ಗಿದ್ರೆ ತುಂಡು ಗಾಡಿಯೊಳಗೆ ಜಾರುತ್ತೆ. ಉದ್ದದ ಪಟ್ಟಿಗಳ ಕಡೆ ಮೆಟ್ಟಿಲಿಗೂ ಪಟ್ಟಿಗೂ ನಡುವೆ ಕಡಿಮೆ ಅಂದ್ರೂ 6–7 ಮಿ.ಮೀ. ಜಾಗ ಬಿಡಿ. ನೀವು ಬೇಸಿಗೆಯಲ್ಲಿ ಜೋಡಿಸ್ತಿರೋದು, ಅಂದ್ರೆ ಹಲಗೆ ತೀರಾ ಕುಗ್ಗಿರೋ ಹೊತ್ತು. ಮಳೆಗಾಲಕ್ಕೆ ಅದು ಹೊರಗಡೆಗೆ ಹೋಗುತ್ತೆ. ಗಿಡ್ಡ ಪಟ್ಟಿಗಳ ನಟ್ಟನಡುವೆ ಮಾತ್ರ ಒಂದೊಂದು ಸ್ಕ್ರೂ ಗಟ್ಟಿಯಾಗಿ ಹಾಕಿ, ಆಗ ಎರಡೂ ಪಕ್ಕಕ್ಕೆ ಸಮವಾಗಿ ಆಡುತ್ತೆ.

ಮಿಲ್‌ಗೇಟ್

ನಮ್ಮ ಮನೇಲಿ ಅಂಗಡಿಯಿಂದ ತಂದ ಟೇಬಲ್ ನಡುವೆ ಬಿರುಕು ಬಿಟ್ಟಿದೆ. ಇದನ್ನ ಓದಿ ಕೆಳಗೆ ಬಗ್ಗಿ ನೋಡಿದೆ. ಸುತ್ತ ಗೋಂದು, ಮೂಲೆ ಮೂಲೆಗೆ ಸ್ಕ್ರೂ. ಸ್ಕ್ರೂ ಬಿಚ್ಚಿ ತೂತು ಉದ್ದ ಮಾಡಿದ್ರೆ ಬಿರುಕು ಕೂಡುತ್ತಾ?

ದುರ್ಗದ_ಗಾಳಿ

ಗೋಂದು ಬಿಡಿಸೋಕೆ ಆದ್ರೆ ಮಾತ್ರ. ಬಿಡಿಸಿ, ಮಳೆಗಾಲದವರೆಗೂ ಬಿಟ್ಟು ನೋಡಿ, ಹಿಗ್ಗಿ ಅರ್ಧ ಕೂಡುತ್ತೆ. ಬಿರುಕಿಗೆ ಮೇಣ-ಪುಟ್ಟಿ ತುಂಬಬೇಡಿ ಈಗ, ಹಿಗ್ಗೋ ಹೊತ್ತಿಗೆ ಅದೇ ಬೆಣೆ ಆಗಿ ಇನ್ನೂ ಸೀಳುತ್ತೆ.

ಹಿರಿಯೂರಕ್ಕ

ಪಾಲಿಶ್ ಬಗ್ಗೆ ಯಾರೂ ಕೇಳಲಿಲ್ಲ, ನಾನೇ ಹೇಳಿಬಿಡ್ತೀನಿ. ಅರಗಿನ ಪಾಲಿಶ್ ನೋಡೋಕೆ ಚಂದ, ಆದ್ರೆ ಬಿಸಿ ಕಾಫಿ ಲೋಟ ಇಟ್ರೆ ಬಿಳಿ ಉಂಗುರ ಬೀಳುತ್ತೆ. ದಿನಾ ಸಾರಿನ ಪಾತ್ರೆ ಇಡೋ ಟೇಬಲ್‌ಗೆ ಪಿಯು (ಪಾಲಿಯುರೆಥೇನ್ ಪಾಲಿಶ್) ಮೂರು ಕೈ ಹಾಕಿ, ಇಲ್ಲಾಂದ್ರೆ ಕುದಿಸಿದ ಅಗಸೆ ಎಣ್ಣೆ ತೆಳ್ಳಗೆ, ದಿನಕ್ಕೊಂದು ಕೈಯಂತೆ. ನನಗೆ ಎಣ್ಣೆಯೇ ಇಷ್ಟ, ಗೀರಾದ್ರೆ ಅಲ್ಲೇ ಉಜ್ಜಿ ಮತ್ತೆ ಸವರಬಹುದು. ಅರಿಶಿನದ ಕಲೆ ಆದ್ರೆ ಚಿಂತೆ ಬೇಡ, ಬಿಸಿಲು ಬಿದ್ರೆ ಮಾಸುತ್ತೆ.

ಮುಖ್ಯವಾದದ್ದು: ಮೇಲೆ ಎಷ್ಟು ಕೈ ಹಾಕ್ತೀರೋ ಕೆಳಗೂ ಅಷ್ಟೇ ಹಾಕಿ. ಕೆಳಗೆ ಯಾರು ನೋಡ್ತಾರೆ ಅಂತ ಬಿಟ್ರೆ ಒಂದು ಮುಖ ತೇವ ಕುಡಿಯುತ್ತೆ, ಇನ್ನೊಂದು ಕುಡಿಯಲ್ಲ, ಹಲಗೆ ಬಾಗುತ್ತೆ. ಮತ್ತೆ ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನ ಉಂಡೆ ಮಾಡಿ ಶೆಡ್ಡಿನ ಮೂಲೆಗೆ ಎಸೆಯಬೇಡಿ. ಅದು ಒಣಗ್ತಾ ತಾನೇ ಬಿಸಿಯಾಗಿ ಬೆಂಕಿ ಹತ್ತಿಕೊಳ್ಳುತ್ತೆ, ಕಡ್ಡಿ ಗೀರೋದೇ ಬೇಡ. ಬಯಲಲ್ಲಿ ಹಗ್ಗದ ಮೇಲೆ ಬಿಡಿಸಿ ಹರವಿ, ಇಲ್ಲಾ ನೀರಿನ ಬಕೆಟ್‌ಗೆ ಹಾಕಿ.

ಆನಗೋಡಿನವ

ಎಲ್ಲರಿಗೂ ದೊಡ್ಡ ನಮಸ್ಕಾರ. ಯುಗಾದಿ ಊಟ ನೆಲದ ಮೇಲೇ ಅಂತ ಮನೇಲಿ ಒಪ್ಪಿಸಿದೀನಿ, ಆಚಾರ್ರ ಹೆಸರು ಹೇಳಿ ಬಚಾವಾದೆ. ಹಲಗೆ ಮೊನ್ನೆ ತೂಗಿದಾಗ ಶೇ 11. ಎಲ್ಲದಕ್ಕೂ ಒಂದೊಂದು ಮುಖ ಚಪ್ಪಟೆ ಆಗಿದೆ. ಇನ್ನು ಥಿಕ್‌ನೆಸ್ ಮಾಡಿಸಬೇಕು, ಮತ್ತಿ ತೊಲೆ ಸೀಳಿಸಿ ಕಾಲು ಮಾಡಿಸಬೇಕು. ದಾವಣಗೆರೆಯಲ್ಲಿ ಸಣ್ಣ ಕೆಲಸ ಅಂತ ಓಡಿಸದೆ ಮಾಡಿಕೊಡೋರು ಯಾರಾದ್ರೂ ಇದ್ದೀರಾ?

ನಾಟಾ_ಮಂಡಿ · ದಾವಣಗೆರೆ

ಇಷ್ಟು ದಿನ ಸುಮ್ನೆ ಓದ್ತಿದ್ದೆ. ನಮ್ಮ ಶೆಡ್ಡಿಗೆ ತನ್ನಿ ಸಾರ್, ವಿಳಾಸ ಮೆಸೇಜಲ್ಲಿ ಹಾಕ್ತೀನಿ. ಹಲಗೆ ಥಿಕ್‌ನೆಸ್ ಅಡಿ ಲೆಕ್ಕ, ತೊಲೆ ಸೀಳೋದು ಬೇರೆ. ಅಮಾವಾಸ್ಯೆ ದಿನ ಮಷೀನು ಬಂದ್, ಅದು ಬಿಟ್ಟು ಯಾವತ್ತಾದ್ರೂ ಬೆಳಗ್ಗೆ ಹತ್ತರೊಳಗೆ ಬನ್ನಿ, ಆಮೇಲೆ ಪ್ಲೈವುಡ್ ಪಾರ್ಟಿಗಳು ಬರ್ತಾರೆ. ಬೇವಿನ ಕಾಗದದ ಜೆರಾಕ್ಸ್ ಒಂದು ಜೊತೇಲಿರಲಿ. ತೊಲೆಯ ಮೊಳೆ ಎಲ್ಲ ಕಿತ್ತು ತನ್ನಿ. ಬ್ಲೇಡಿಗೆ ಒಂದು ಮೊಳೆ ಸಿಕ್ರೂ ಬ್ಲೇಡಿನ ದುಡ್ಡು ನಿಮ್ಮದೇ, ಈಗಲೇ ಹೇಳಿರ್ತೀನಿ.

ಆನಗೋಡಿನವ

ಆಯಸ್ಕಾಂತ ಹಿಡಿದು ಹನ್ನೊಂದು ಕಿತ್ತೆ ಸಾರ್. ಒಂದು ಕಡೆ ಮಾತ್ರ ಎಳೆಯುತ್ತೆ, ಮೇಲೆ ಏನೂ ಕಾಣಲ್ಲ. ಅಲ್ಲಿ ಏನು ಮಾಡ್ಲಿ?

ನಾಟಾ_ಮಂಡಿ

ಸೀಮೆಸುಣ್ಣದಲ್ಲಿ ಸುತ್ತು ಹಾಕಿ ತನ್ನಿ. ಆ ಜಾಗ ಕಾಲಿನ ಅಳತೆಯಿಂದ ಆಚೆ ಬರೋ ಹಂಗೆ ಉದ್ದ ಗುರುತು ಮಾಡೋಣ. ಏಳು ಅಡಿಯಲ್ಲಿ ಎರಡು ಕಾಲು ಹೋದ್ರೆ ಎರಡಡಿ ಮಿಗುತ್ತಲ್ಲ.